ಹಗ್ಗದ ಮೇಲೆ ಮೂವತ್ತು ಮಾವಂದಿರು

ಎಲ್ಲದಕ್ಕೂ ಮೂಲ ಒಂದು ಕಾಗದದ ಲೇಬಲ್ಲು.

ಭಾನುವಾರ ಬೆಳಿಗ್ಗೆ ಏಳೂವರೆಗೆ ಮಾವನವರು ತಮ್ಮ ಧ್ವನಿಯಿದ್ದ ಸೀಡಿಯನ್ನು ತಮ್ಮ ಕೋಣೆಯ ಪ್ಲೇಯರಿಗೆ ಹಾಕಿ, ಗುಂಡಿ ಒತ್ತಿ, ಕೈಕಟ್ಟಿ ಕೂತರು. "ನಮಸ್ಕಾರ. ಮೂವತ್ತನಾಲ್ಕು ವರ್ಷ ನಾನು ಲಿಫ್ಟುಗಳನ್ನು..." ಎಂದು ಧ್ವನಿ ಹೊರಡುವಷ್ಟರಲ್ಲಿ ಸೀಡಿಗೆ ಅಂಟಿಸಿದ್ದ ಲೇಬಲ್ಲಿನ ಅಂಚು ಬಿಟ್ಟುಕೊಂಡಿತು. ಒಳಗೆ ಬಾವಲಿ ಸಿಕ್ಕಿಕೊಂಡಂತೆ ಪಟಪಟ ಸದ್ದಾಯಿತು. ಒಂದು ಸಲ ಕೀರಲು ದನಿ. ಆಮೇಲೆ ಮೌನ.

ಬಾಗಿಲಲ್ಲಿ ನಿಂತಿದ್ದ ಅಳಿಯನಿಗೆ ಆ ಮೌನ ಅರೆಗಳಿಗೆ ಹಿತವಾಗಿಯೇ ಇತ್ತು. ಮರುಗಳಿಗೆಯಲ್ಲಿ ಅವನು ಪ್ಲೇಯರಿನತ್ತ ಓಡಿದ.

ಅವನು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಯಾರು ಏನು ಕೇಳಿದರೂ ಸ್ವಲ್ಪ ತಡೆದು ಉತ್ತರ ಕೊಡುತ್ತಿದ್ದುದರಿಂದ ಕೆಲಸದ ಜಾಗದಲ್ಲಿ ‘ಅಲ್ಪವಿರಾಮ’ ಎಂದು ಹೆಸರು ಬಿದ್ದಿತ್ತು. ಆ ಹೆಸರು ಅವನಿಗಿಂತ ಬೇಗ ಮೆಟ್ಟಿಲು ಹತ್ತಿ ಮಹಡಿಯ ಎಲ್ಲ ಮನೆಗಳಿಗೂ ತಲುಪಿತ್ತು. ಅವನಿಗೆ ಬೇಸರವೇನೂ ಇರಲಿಲ್ಲ. ದಿನವೆಲ್ಲ ಬೇರೆಯವರ ಮಾತುಗಳ ಸಾಲಿನಲ್ಲಿ ಕೂತಿರುವವನಿಗೆ ಬೇಕಾದದ್ದು ಒಂದೇ: ಬೆಳಿಗ್ಗೆ ಆರರಿಂದ ಏಳರವರೆಗೆ ಬಾಲ್ಕನಿ, ಒಂದು ಲೋಟ ಕಾಫಿ, ಮತ್ತು ಯಾರೂ ಮಾತಾಡದ ಆ ಒಂದು ಗಂಟೆ.

ನಾಲ್ಕು ವರ್ಷದ ಕೆಳಗೆ ಮಾವನವರು ಮಗಳ ಮನೆಗೆ ಬಂದು ನೆಲೆಸಿದ ಮೇಲೆ ಆ ಗಂಟೆ ಅವರದಾಯಿತು. ಅವರು ನಿವೃತ್ತ ಲಿಫ್ಟ್ ಇನ್‌ಸ್ಪೆಕ್ಟರು. ಸಾವಿರಾರು ಲಿಫ್ಟುಗಳನ್ನು ಹತ್ತಿ ಇಳಿದವರು. ಆ ಒಂದೊಂದು ಲಿಫ್ಟೂ ಬಾಲ್ಕನಿಗೆ ಬಂದು ನಿಲ್ಲುತ್ತಿತ್ತು. ಅಲ್ಪವಿರಾಮ ಕಾಫಿ ಲೋಟ ನೋಡುತ್ತ ಕೂತಿರುತ್ತಿದ್ದ. "ಹೂಂ" ಎನ್ನುವುದೂ ಅವನಿಗೆ ಶ್ರಮ.

ಹೋದ ತಿಂಗಳು ಮಾವನವರೇ ಒಂದು ದಾರಿ ತೋರಿಸಿದ್ದರು. "ಅಳಿಯಂದ್ರೇ, ಇದನ್ನೆಲ್ಲ ಒಂದು ಸಲ ರೆಕಾರ್ಡ್ ಮಾಡಿ ನಮ್ಮ ನಿವೃತ್ತರ ಸಂಘದವರ ಕೈಗೆ ಕೊಟ್ಟುಬಿಟ್ರೆ ನನ್ನ ಋಣ ತೀರಿತು. ಆಮೇಲೆ ನಾನು ಬಾಯಿ ಬಿಡೋದಿಲ್ಲ. ಬೇಕಾದವರು ಹಾಕ್ಕೊಂಡು ಕೇಳ್ತಾರೆ."

ಆ ಮಾತು ಕಿವಿಗೆ ಬಿದ್ದ ದಿನ ಅಲ್ಪವಿರಾಮ ತಡೆಯದೆ ಉತ್ತರ ಕೊಟ್ಟಿದ್ದ. "ನಾನು ಮಾಡ್ತೀನಿ ಮಾವ."

ಮೂರು ಸಂಜೆ ಕಿಟಕಿಗೆ ಕಂಬಳಿ ಕಟ್ಟಿ ರೆಕಾರ್ಡ್ ಮಾಡಿದ್ದಾಯಿತು. ಎಪ್ಪತ್ತೆರಡು ನಿಮಿಷ. ಹೋದ ವಾರ ಅದನ್ನು ಮೂವತ್ತು ಸೀಡಿಗಳಿಗೆ ಕಾಪಿ ಮಾಡಿದ್ದೂ ಆಯಿತು. ಕೆಲಸಗಳ ಪಟ್ಟಿ ಬರೆದು, ಕರಡು ತಿದ್ದುವ ಕೆಂಪು ಪೆನ್ನಿನಲ್ಲಿ ಎರಡಕ್ಕೂ ಗುರುತು ಹಾಕಿದ್ದ. ಉಳಿದದ್ದು ಮೇಲಿನ ಲೇಬಲ್ಲು. ಮಾದರಿಗೆಂದು ಮಾಡಿದ ಮೂವತ್ತೊಂದನೆಯದಕ್ಕೆ ಅದನ್ನು ಅಂಟಿಸಿ ಮಾವನವರಿಗೆ ಕೊಟ್ಟಿದ್ದ. ಈಗ ಅದು ಪ್ಲೇಯರಿನ ಗಂಟಲಲ್ಲಿತ್ತು. ಸಂಘದ ಸಭೆ ಆ ಸಂಜೆಯೇ ಐದು ಗಂಟೆಗೆ.

ಎದುರು ಮನೆಯ ಹಲ್ಲಿನ ಡಾಕ್ಟರು ಸದ್ದು ಕೇಳಿ ಬನಿಯನ್ನಿನಲ್ಲೇ ಬಂದರು. ರಜಾದಿನಗಳಲ್ಲಿ ಅವರಿಗೆ ಕೈ ತುರಿಸುತ್ತಿತ್ತು. ಚಿಮಟ ತಂದು, ಪ್ಲೇಯರಿನ ಬಾಯಿಗೆ ಟಾರ್ಚು ಹಿಡಿಸಿ, "ಏನೂ ನೋವಾಗಲ್ಲ, ಸ್ವಲ್ಪ ಒತ್ತಿದ ಹಾಗೆ ಅನ್ಸುತ್ತೆ ಅಷ್ಟೇ" ಎಂದು ಅದಕ್ಕೇ ಹೇಳಿ, ಹರಿದ ಲೇಬಲ್ಲನ್ನು ಎಳೆದು ತೆಗೆದರು. ಪ್ಲೇಯರು ಬದುಕಿತು.

ಮಾವನವರ ಮುಖ ಮಾತ್ರ ಬಾಡಿತ್ತು. "ಇದೇ ಮೂವತ್ತು ಜನರ ಮನೇಲೂ ಆದ್ರೆ? ಲಿಫ್ಟ್ ಇನ್‌ಸ್ಪೆಕ್ಟರ್ ಬಂದು ಮನೆಮನೆ ಮಿಷನ್ ಕೆಡಿಸಿ ಹೋದ ಅಂತಾರೆ. ಕಾಗದ ಅಂಟಿಸೋದು ಬೇಡ. ಸೀಡಿ ಮೇಲೇ ಅಚ್ಚಾಗಬೇಕು. ಇಲ್ದಿದ್ರೆ ಹಂಚೋದೇ ಬೇಡ ಬಿಡಿ. ನಾನು ಬಾಯಲ್ಲೇ ಹೇಳ್ಕೊಂಡಿರ್ತೀನಿ."

ಕೊನೆಯ ವಾಕ್ಯ ಕೇಳಿದ್ದೇ ಅಲ್ಪವಿರಾಮ ಚಪ್ಪಲಿ ಮೆಟ್ಟಿಕೊಂಡ. ಅಂಥ ಪ್ರಿಂಟರುಗಳಿವೆ ಎಂದು ಅವನಿಗೆ ಗೊತ್ತಿತ್ತು. ಮನೆಗೊಂದು ಪ್ರಿಂಟರು ಬೇಕೆಂದು ಹೆಂಡತಿಯೂ ಬಹಳ ದಿನದಿಂದ ಹೇಳುತ್ತಿದ್ದಳು. ಕಾಪಿಯಾದ ಸೀಡಿಗಳಲ್ಲಿ ಒಂದನ್ನು ಜೇಬಿಗಿಟ್ಟುಕೊಂಡು ಹೊರಟ. ಡಾಕ್ಟರು ಕರೆಯದಿದ್ದರೂ ಜೊತೆಗೆ ಬಂದರು.

ಅಂಗಡಿಯಲ್ಲಿ ಹದಿನಾಲ್ಕು ಯಂತ್ರಗಳು ಸಾಲಾಗಿ ಕೂತಿದ್ದವು. ಡಾಕ್ಟರಿಗೆ ಅದು ಕಾಯುವ ಕೋಣೆಯಂತೆ ಕಂಡಿರಬೇಕು. ಒಂದೊಂದರ ಮುಚ್ಚಳವನ್ನೂ ಎತ್ತಿ ಒಳಗೆ ಇಣುಕಿದರು. "ಇದರ ದವಡೆ ಸಡಿಲ. ಇದು ಬಾಯಿ ಪೂರ್ತಿ ತೆರೆಯಲ್ಲ. ಹಾಂ, ಇದು ನೋಡಿ. ಎಂಥ ಗಟ್ಟಿ ಒಸಡು! ಇದನ್ನೇ ತಗೊಳ್ಳಿ ಅಲ್ಪವಿರಾಮ್ರೇ, ಕಣ್ಣು ಮುಚ್ಕೊಂಡು."

"ಸಾರ್, ಅದು ಲ್ಯಾಮಿನೇಷನ್ ಮಿಷನ್ನು" ಎಂದ ಅಂಗಡಿಯವನು.

ಡಾಕ್ಟರು ಅದರ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದರು.

ಅಂಗಡಿಯವನು ಸಮಾಧಾನಿ. "ಎಲ್ಲ ಇಂಕ್‌ಜೆಟ್ಟೂ ಸೀಡಿ ಮೇಲೆ ಪ್ರಿಂಟ್ ಮಾಡಲ್ಲ ಸಾರ್. ಸೀಡಿ ಕೂರಿಸೋ ಟ್ರೇ ಇರೋದ್ರಲ್ಲಿ ಇದೊಂದೇ ಉಳಿದಿರೋದು. ಎಲ್ಲಿ, ನಿಮ್ಮ ಸೀಡಿ ಕೊಡಿ." ಅಲ್ಪವಿರಾಮ ಜೇಬಿನಿಂದ ತೆಗೆದು ಕೊಟ್ಟ. ಅಂಗಡಿಯವನು ಅದನ್ನು ಟ್ರೇಯಲ್ಲಿ ಕೂರಿಸಿ ಒಂದು ಹೂವಿನ ಚಿತ್ರ ಹೊಡೆದ. ಹೊರಬಂದ ಹೂವು ಸೀಡಿಯ ಮೇಲೆ ನಿಲ್ಲದೆ ಕೆಸುವಿನೆಲೆಯ ನೀರಿನಂತೆ ಅತ್ತಿತ್ತ ಜಾರಾಡಿತು.

"ನೋಡಿದ್ರಾ? ಬೆಳ್ಳಿ ಹೊಳಪಿನ ಸೀಡಿ ಮಸಿ ಹೀರಲ್ಲ. ಬಿಳಿ ಮುಖದ್ದೇ ಬೇಕು. ಐವತ್ತರ ಡಬ್ಬಿ ಇದೆ, ಕೊಡ್ಲಾ? ಪ್ರಿಂಟ್ ಆದ್ಮೇಲೆ ಚೆನ್ನಾಗಿ ಒಣಗಲಿಕ್ಕೆ ಬಿಡಿ. ಕೈ ಹಾಕಬೇಡಿ."

ಅಲ್ಪವಿರಾಮ ಪ್ರಿಂಟರನ್ನೂ ಬಿಳಿ ಮುಖದ ಐವತ್ತು ಸೀಡಿಗಳನ್ನೂ ಕೊಂಡ. ಹೊರಡುವಾಗ ಪಟ್ಟಿ ತೆಗೆದು ‘ಪ್ರಿಂಟರ್’ ಎಂಬುದಕ್ಕೂ ಕೆಂಪು ಗುರುತು ಹಾಕಿದ. ಹೊತ್ತು ಹನ್ನೊಂದು.

ಮನೆ ತಲುಪುವಾಗ ಪಕ್ಕದ ಮನೆಯ ಕೆಮಿಸ್ಟ್ರಿ ಮೇಡಂ ಆಗಲೇ ಊಟದ ಮೇಜಿನ ಬಳಿ ಕೂತಿದ್ದರು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಇಪ್ಪತ್ತಾರು ವರ್ಷ ದುಡಿದವರು. ಹೊಸ ಯಂತ್ರ ಎಲ್ಲಿ ಬಿಚ್ಚಿದರೂ ವಾಸನೆ ಹಿಡಿದು ಬರುತ್ತಿದ್ದರು.

"ಮೊದಲು ಲೇಬಲ್ಲು, ಆಮೇಲೆ ಒಳಗಿಂದು. ಅದೇ ಕ್ರಮ" ಎಂದರು ಮೇಡಂ. "ನಮ್ಮ ಲ್ಯಾಬಲ್ಲಿ ಹೆಸರಿಲ್ಲದ ಬಾಟಲಿಗೆ ನಾನು ಹನಿ ನೀರೂ ಹಾಕೋಕೆ ಬಿಡ್ತಿರಲಿಲ್ಲ."

"ಇದೊಳ್ಳೆ ಕಥೆ!" ಎಂದರು ಡಾಕ್ಟರು. "ಹಲ್ಲಿಗೆ ಮೊದಲು ಸಿಮೆಂಟು, ಆಮೇಲೆ ಟೋಪಿ. ಟೋಪಿ ಹಾಕಿದ್ಮೇಲೆ ಸಿಮೆಂಟು ಎಲ್ಲಿಂದ ತುಂಬ್ತೀರಿ, ಮೂಗಿಂದಲಾ?"

"ಹಲ್ಲು ಬೇರೆ, ಸೀಡಿ ಬೇರೆ ಡಾಕ್ಟ್ರೇ."

"ತೂತು ಎರಡಕ್ಕೂ ಇದೆಯಲ್ಲ ಮೇಡಂ."

ಅಲ್ಪವಿರಾಮ ಇಬ್ಬರ ನಡುವೆ ಪ್ರಿಂಟರನ್ನು ಇಟ್ಟ. "ಜಗಳ ಬೇಡ. ತುಂಬೋ ಕೆಲಸ ಹೋದ ವಾರವೇ ಮುಗಿದಿದೆ. ಇವತ್ತೇನಿದ್ರೂ ಮುಖದ ಕೆಲಸ."

ಪಟ್ಟಿಯಲ್ಲಿ ಕೆಂಪು ಗುರುತು ಇತ್ತು. ಕೆಂಪು ಗುರುತಿನ ಮೇಲೆ ಅವನಿಗಿದ್ದ ನಂಬಿಕೆ ಅಷ್ಟಿಷ್ಟಲ್ಲ.

ಸೀಡಿಯ ಮೇಲೆ ಬರಬೇಕಾದ ಮಾತು: ‘ಏರಿಳಿತ: ಒಬ್ಬ ಲಿಫ್ಟ್ ಇನ್‌ಸ್ಪೆಕ್ಟರರ ನೆನಪುಗಳು’. ಜೊತೆಗೆ ಮಾವನವರ ಭಾವಚಿತ್ರ. ಅಲ್ಪವಿರಾಮ ಆ ಒಂದು ಸಾಲನ್ನು ಎಡದಿಂದ ಓದಿದ, ಬಲದಿಂದ ಓದಿದ, ಕಾಗದ ತಲೆಕೆಳಗು ಮಾಡಿ ಓದಿದ. ತಪ್ಪಿರಲಿಲ್ಲ.

ಮೊದಲನೆಯ ಸೀಡಿಯ ಟ್ರೇಯನ್ನು ತಿರುವುಮುರುವಾಗಿ ತಳ್ಳಿದ್ದರಿಂದ ಪ್ರಿಂಟರು ಗುರ್ರೆಂದು ಹೊರಗೆ ಉಗುಳಿತು. "ಬಾಯಿಗೆ ಹಿಡಿಸಲಿಲ್ಲ" ಎಂದರು ಡಾಕ್ಟರು. ಬಾಣದ ಗುರುತು ನೋಡಿ ಮತ್ತೆ ತಳ್ಳಿದಾಗ ಸರಾಗವಾಗಿ ಹೋಯಿತು. ಹೊಲಿಗೆ ಯಂತ್ರದಂತೆ ಸರ್ ಸರ್ ಸದ್ದಾಗಿ ಮಾವನವರು ನಿಧಾನವಾಗಿ ಹೊರಗೆ ಬಂದರು. ಹಣೆ ಬಂತು, ಕಣ್ಣು ಬಂತು, ಮೂಗು ಬಂತು. ಬಾಯಿಯ ಜಾಗದಲ್ಲಿ ಸೀಡಿಯ ನಡುವಿನ ದುಂಡನೆಯ ತೂತು.

ಡಾಕ್ಟರು ಬಗ್ಗಿ ನೋಡಿದರು. "ಮೂವತ್ತೆರಡೂ ಹೋಗಿವೆ."

"ಮಾತಾಡೋ ಮನುಷ್ಯನ ಬಾಯಿಗೇ ತೂತಾ!" ಎಂದು ಮಾವನವರು ಕುರ್ಚಿಯಿಂದ ಎದ್ದರು.

ಚಿತ್ರವನ್ನು ಕೆಳಗೆ ಸರಿಸಿ ಹೊಡೆದರೆ ತೂತು ಹಣೆಗೆ ಬಂತು. ಹೆಂಡತಿ ಅಡುಗೆಮನೆಯಿಂದ ಇಣುಕಿ, "ರೀ, ಅಪ್ಪನಿಗೆ ಗುಂಡು ಹೊಡೆದ ಹಾಗಿದೆ" ಎಂದಳು. ಮೇಲೆ ಸರಿಸಿದರೆ ಗಂಟಲಿಗೆ. ಕೊನೆಗೆ ಹಳೆಯ ಆಲ್ಬಮ್ಮಿನಿಂದ ಮಾವನವರು ಲಿಫ್ಟಿನ ಪಕ್ಕ ನೆಟ್ಟಗೆ ನಿಂತಿದ್ದ ಫೋಟೋ ಸಿಕ್ಕಿತು. ಅದರಲ್ಲಿ ತೂತು ಲಿಫ್ಟಿನ ಬಾಗಿಲಿನ ಮೇಲೆ ಕೂತಿತು.

"ಈಗ ಸರಿ" ಎಂದರು ಮಾವನವರು, ಕನ್ನಡಕ ಹಣೆಗೇರಿಸಿ. "ಬಾಗಿಲು ತೆರೆದು ನಿಂತ ಹಾಗಿದೆ. ಒಳಗೆ ಯಾರೂ ಇಲ್ಲ ನೋಡಿ, ಅದೇ ಸುರಕ್ಷಿತ ಲಿಫ್ಟು."

ಖುಷಿಯಲ್ಲಿ ಡಾಕ್ಟರು ಸೀಡಿಯನ್ನು ಎತ್ತಿಕೊಂಡರು. ಮತ್ತೆ ಕೆಳಗಿಟ್ಟಾಗ ಮಾವನವರ ಮುಖವಿದ್ದಲ್ಲಿ ಡಾಕ್ಟರ ಹೆಬ್ಬೆರಳಿನ ಗುರುತಿತ್ತು.

"ಒಣಗೋ ತನಕ ಮುಟ್ಟಬಾರದು!" ಎಂದು ಮೇಡಂ ಮೇಜು ಕುಟ್ಟಿದರು. ಮೇಜು ಕುಟ್ಟಿದ ರಭಸಕ್ಕೆ ಪ್ರಿಂಟರಿನಲ್ಲಿದ್ದ ಸೀಡಿ ಅಲುಗಿ, ಅದರಲ್ಲಿ ಮಾವನವರು ಇಬ್ಬರಾದರು.

ಮೇಜು ಹತ್ತು ಸೀಡಿಗಳಿಗೇ ತುಂಬಿತು. ಫ್ಯಾನು ಹಾಕಿದರೆ ಧೂಳು ಬಂದು ಕೂರುತ್ತಿತ್ತು, ಫ್ಯಾನು ನಿಲ್ಲಿಸಿದರೆ ಮಸಿ ಒಣಗುತ್ತಿರಲಿಲ್ಲ. ಗಂಟೆ ಎರಡಾಯಿತು. ಆಗ ಹೆಂಡತಿ ಬಟ್ಟೆಯ ಕ್ಲಿಪ್ಪುಗಳ ಬುಟ್ಟಿ ತಂದು ಗಂಡನ ಮುಂದೆ ಸುರಿದಳು. "ಬಾಲ್ಕನಿ ಹಗ್ಗಕ್ಕೆ ತೂಗುಹಾಕಿ. ಸೀರೆ ಒಣಗೋ ಹಗ್ಗದಲ್ಲಿ ಅಪ್ಪ ಒಣಗಲ್ವಾ?"

ಕ್ಲಿಪ್ಪುಗಳು ಇಪ್ಪತ್ತೆರಡೇ ಇದ್ದವು. ಉಳಿದವಕ್ಕೆ ಅವಳ ತಲೆಪಿನ್ನುಗಳಾದವು. ಮೂರೂವರೆಯ ಹೊತ್ತಿಗೆ ಬಾಲ್ಕನಿಯ ಹಗ್ಗದ ಮೇಲೆ ಮೂವತ್ತು ಮಾವಂದಿರು, ಮೂವತ್ತು ಲಿಫ್ಟುಗಳ ಪಕ್ಕ ನೆಟ್ಟಗೆ ನಿಂತು, ಗಾಳಿ ಬೀಸಿದಾಗಲೆಲ್ಲ ಒಟ್ಟಿಗೆ ತಿರುಗಿ ಬೆನ್ನು ತೋರಿಸಿ ಮತ್ತೆ ತಿರುಗುತ್ತಿದ್ದರು. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಒಬ್ಬ ಸೈಕಲ್ಲಿನವನು ಕೂಗಿ ಕೇಳಿದ, "ಯಜಮಾನ್ರು ಯಾವ ಚುನಾವಣೆಗೆ ನಿಂತಿದಾರೆ?"

"ನಿಂತಿಲ್ಲಪ್ಪ, ಒಣಗ್ತಿದೀನಿ!" ಎಂದರು ಮಾವನವರು, ಬಾಲ್ಕನಿಯಿಂದಲೇ.

ಅಷ್ಟರಲ್ಲಿ ಒಂದು ತಲೆಪಿನ್ನು ಜಾರಿ ಒಬ್ಬ ಮಾವ ಕೆಳಗೆ ಬಿದ್ದರು. ಕೆಳಮನೆಯ ನಾಯಿ ಅವರನ್ನು ಕಚ್ಚಿಕೊಂಡು ಓಟ ಕಿತ್ತಿತು. ಅಲ್ಪವಿರಾಮ ಮೂರು ಮಹಡಿ ಇಳಿದು, ಬೀದಿಯ ಕೊನೆಯ ತನಕ ಓಡಿ, ಅರ್ಧ ಲಿಫ್ಟು ಮಾತ್ರ ಬಿಡಿಸಿಕೊಂಡು ಬಂದ. ಬದಲಿಗೆ ಇನ್ನೊಂದು ಹೊಡೆಯಲು ಹೋದರೆ ಮಸಿ ಮುಗಿಯುತ್ತ ಬಂದಿತ್ತು. ಅದರಲ್ಲಿ ಮಾವನವರು ಕಾಮಾಲೆ ಹಿಡಿದವರಂತೆ ಹಳದಿಯಾಗಿ ಬಂದರು.

"ಇದನ್ನ ಕಣ್ಣು ಮಂಜಾದವರಿಗೆ ಕೊಡಿ" ಎಂದರು ಮೇಡಂ.

ನಾಲ್ಕೂವರೆಗೆ ಅಲ್ಪವಿರಾಮ ಮೂವತ್ತು ಸೀಡಿಗಳನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದು, ಅಕ್ಷರ ಅಕ್ಷರ ಓದಿ, ಕವರಿಗೆ ಹಾಕಿದ. ತನ್ನ ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಅವನು ಇಷ್ಟು ಶುದ್ಧವಾದ ಮುದ್ರಣವನ್ನು ಕೈಯಿಂದ ಬಿಟ್ಟುಕೊಟ್ಟಿರಲಿಲ್ಲ.

ಸಭೆ ಚೆನ್ನಾಗಿ ನಡೆಯಿತು. ಸಂಘದಲ್ಲಿ ಮಾವನವರನ್ನು ಸೇರಿಸಿ ಮೂವತ್ತು ಜನ. ಎಲ್ಲರೂ ಸೀಡಿಯನ್ನು ಕೈಯಲ್ಲಿ ಹಿಡಿದು, ದೂರ ಮಾಡಿ, ಹತ್ತಿರ ಮಾಡಿ, ತೂತಿನ ಮೂಲಕ ಒಬ್ಬರನ್ನೊಬ್ಬರು ನೋಡಿ ಸಂತೋಷಪಟ್ಟರು. ಅಧ್ಯಕ್ಷರು ಎದ್ದುನಿಂತು, "ನಮ್ಮ ಸ್ನೇಹಿತರು ಎರಡು ಮಾತಾಡಬೇಕು" ಎಂದರು.

ಅಲ್ಪವಿರಾಮ ಹಿಂದಿನ ಸಾಲಿನಲ್ಲಿ ಗಡಿಯಾರ ನೋಡಿಕೊಂಡ. ಎರಡು ಮಾತೆಂದರೆ ಒಂದೂವರೆ ಗಂಟೆ.

ಮಾವನವರು ಎದ್ದರು. ಸೀಡಿಯನ್ನು ಎತ್ತಿ ತೋರಿಸಿದರು. "ಎಲ್ಲಾ ಇದರಲ್ಲಿದೆ" ಎಂದರು. ಕೂತುಬಿಟ್ಟರು.

ಸಭಾಂಗಣ ಚಪ್ಪಾಳೆ ತಟ್ಟಿತು. ಅಲ್ಪವಿರಾಮನಿಗೆ ಚಪ್ಪಾಳೆ ಕೇಳಿಸಲಿಲ್ಲ. ನಾಳೆ ಬೆಳಗಿನ ಬಾಲ್ಕನಿ, ಹಬೆಯಾಡುವ ಲೋಟ, ಎಲ್ಲೋ ಒಂದು ಹಕ್ಕಿ, ಮತ್ತೇನೂ ಇಲ್ಲದ ಆ ಗಂಟೆ ಅವನ ಕಣ್ಣ ಮುಂದೆ ಬಂತು.

ಏಳಕ್ಕೆ ಮನೆಗೆ ಬಂದರು. ಮಾವನವರು ತಮ್ಮ ಪಾಲಿನ ಸೀಡಿ ಹಿಡಿದು ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದರು. ಅಲ್ಪವಿರಾಮ ಕಾಲು ಚಾಚಿ ಕೂತ. ಹೆಂಡತಿ ಬಟ್ಟೆ ಇಡಲು ಬೀರು ತೆರೆದಳು.

"ರೀ, ಈ ಸೀಡಿಗಳೇನು ಇಲ್ಲೇ ಇವೆ?"

ಅಲ್ಪವಿರಾಮ ಎದ್ದು ಹೋಗಿ ನೋಡಿದ. ಬೆಳ್ಳಿ ಹೊಳಪಿನ ಸೀಡಿಗಳ ಗೋಪುರ. ಇಪ್ಪತ್ತೊಂಬತ್ತು. ಅವನು ಅವುಗಳನ್ನು ನೋಡಿದ, ಅವು ಅವನನ್ನು ನೋಡಿದವು. ಆ ದಿನ ಅವನು ಮಾಡಿದ ವಿರಾಮ ಅಲ್ಪವಾಗಿರಲಿಲ್ಲ.

"ಇವುಗಳಲ್ಲಿ ಮಾವ ಇದಾರೆ" ಎಂದ ಕೊನೆಗೆ.

"ಹಾಗಾದ್ರೆ ಹಂಚಿದ್ರಲ್ಲ, ಅದರಲ್ಲಿ?"

"ಅದರ ಮೇಲೆ ಇದಾರೆ."

ಹೆಂಡತಿ ಬೀರುವಿನ ಬಾಗಿಲು ಹಿಡಿದು ಅಲ್ಲೇ ಕೂತಳು. ಮೊದಲು ನಕ್ಕಳು, ಆಮೇಲೆ ಅಪ್ಪನನ್ನು ನೆನೆದು ಬಾಯಿಗೆ ಸೆರಗು ಅಡ್ಡ ಹಿಡಿದಳು. ಅಷ್ಟರಲ್ಲಿ ಮಾವನವರ ಕೋಣೆಯಲ್ಲಿ ಫೋನು ಬಡಿದುಕೊಂಡಿತು. ಗಂಡಹೆಂಡಿರಿಬ್ಬರೂ ಗೋಡೆಗೆ ಕಿವಿಯಾದರು.

"ಹಲೋ... ಓ, ಅಧ್ಯಕ್ಷರು! ಕೇಳಿದ್ರಾ?... ಪೂರ್ತಿನಾ?... ಮೂರನೇ ಭಾಗದಲ್ಲಿ ಕಣ್ಣಲ್ಲಿ ನೀರು ಬಂತಾ! ಅಯ್ಯೋ, ದೊಡ್ಡ ಮಾತು, ದೊಡ್ಡ ಮಾತು."

ಇಟ್ಟ ಕೂಡಲೇ ಮತ್ತೊಂದು. ಆಮೇಲೆ ಮತ್ತೊಂದು. ಒಬ್ಬರಿಗೆ ಧ್ವನಿ ಗಂಭೀರವಾಗಿ ಕೇಳಿಸಿತ್ತಂತೆ. ಇನ್ನೊಬ್ಬರ ಮನೆಯವರೆಲ್ಲ ಸುತ್ತ ಕೂತು ಕೇಳಿದರಂತೆ. ಎಂಟು ಗಂಟೆಯೊಳಗೆ ಏಳು ಫೋನು.

"ಯಾರೂ ಹಾಕೇ ಇಲ್ಲ ರೀ!" ಎಂದಳು ಹೆಂಡತಿ ಪಿಸುಮಾತಿನಲ್ಲಿ. "ನೀವು ಬಚಾವು."

ಆದರೆ ಕರಡು ತಿದ್ದುವವನಿಗೆ ತಪ್ಪು ಕಂಡಮೇಲೆ ಸುಮ್ಮನಿರಲು ಬರುವುದಿಲ್ಲ. ಅಲ್ಪವಿರಾಮ ಹೋಗಿ ಕೋಣೆಯ ಬಾಗಿಲು ತಳ್ಳಿದ.

ಮಾವನವರು ಕುರ್ಚಿಯಲ್ಲಿ ಕೂತಿದ್ದರು. ಎದುರಿಗೆ ಪ್ಲೇಯರು. ಅದರ ಸಣ್ಣ ಕಿಟಕಿಯಲ್ಲಿ ಎರಡು ಸೊನ್ನೆಗಳು ಮಿನುಗುತ್ತಿದ್ದವು.

"ಮಾವ, ಅದರಲ್ಲಿ..."

"ಏನೂ ಇಲ್ಲ" ಎಂದರು ಮಾವನವರು. "ಗೊತ್ತು. ಪ್ಲೇಯರ್ ಕೆಟ್ಟಿದೆಯೇನೋ ಅಂತ ಹಳೇ ಹಾಡಿನ ಸೀಡಿ ಹಾಕಿ ನೋಡಿದೆ. ಅದು ಹಾಡ್ತು. ಹತ್ತಿ ಇಳಿದು ನೋಡದೆ ಒಂದು ಲಿಫ್ಟಿಗೂ ಸಹಿ ಹಾಕಿದವನಲ್ಲ ನಾನು. ಇವತ್ತೊಂದು ದಿನ ಮುಖ ನೋಡಿ ಮರುಳಾದೆ."

"ತಪ್ಪು ನಂದು ಮಾವ. ಧ್ವನಿ ಇರೋ ಸೀಡಿಗಳು ಬೀರುವಲ್ಲೇ ಇವೆ. ನಾಳೆ ಸಂಜೆಯೊಳಗೆ ಎಲ್ಲರ ಮನೆಗೂ ಹೋಗಿ ಬದಲಾಯಿಸಿ ಬರ್ತೀನಿ."

"ಛೇ ಛೇ, ಎಲ್ಲಾದ್ರೂ ಉಂಟೇ!" ಮಾವನವರು ಗಾಬರಿಯಾದರು. "ಅಧ್ಯಕ್ಷರು ಕಣ್ಣೀರು ಹಾಕಿದಾರೆ. ಎಪ್ಪತ್ತೆರಡು ನಿಮಿಷದ ಸೀಡಿನ ಮನೆ ಸೇರಿದ ಇಪ್ಪತ್ತೇ ನಿಮಿಷಕ್ಕೆ ಕೇಳಿ ಮುಗಿಸಿದಾರೆ. ಈಗ ನೀವು ಹೋಗಿ ‘ಅದು ಖಾಲಿ ಸಾರ್’ ಅಂದ್ರೆ ಅವರು ಮುಖ ಎಲ್ಲಿ ಇಟ್ಕೋತಾರೆ? ಬೇಡ. ಈ ಸುದ್ದಿ ಇಲ್ಲಿಗೇ ಮುಗೀತು."

ಅವರ ದನಿಯಲ್ಲಿ ಕೋಪವಿರಲಿಲ್ಲ. ಏನೋ ಹಗುರವಾದವರಂತೆ ಕಾಣುತ್ತಿದ್ದರು. ಅಲ್ಪವಿರಾಮನ ಮನಸ್ಸಿನಲ್ಲಿ ಆಸೆಯ ಬಾಲ ಅಲ್ಲಾಡಿತು.

"ಹಾಗಾದ್ರೆ ಮಾವ... ಎಲ್ಲರಿಗೂ ತಲುಪಿದ ಲೆಕ್ಕವೇ ಅಲ್ವಾ?"

"ಎಲ್ಲಿ ತಲುಪಿತು ಅಳಿಯಂದ್ರೇ? ತಲುಪಿದ್ದು ಮುಖ. ಮಾತೆಲ್ಲ ಇಲ್ಲೇ ಇದೆ" ಎಂದು ಮಾವನವರು ಎದೆ ತಟ್ಟಿಕೊಂಡರು. ಆಮೇಲೆ ಕುರ್ಚಿಯನ್ನು ಹತ್ತಿರ ಎಳೆದು, ಅವನ ಮೊಣಕಾಲಿನ ಮೇಲೆ ಕೈಯಿಟ್ಟರು. "ಈ ಏಳು ಫೋನು ಬಂದ್ಮೇಲೆ ಒಂದು ವಿಷಯ ಖಚಿತವಾಯ್ತು. ಕೇಳದೇ ಇದ್ದವರು ಹೊಗಳ್ತಾರೆ. ನೀವು ನಾಲ್ಕು ವರ್ಷದಲ್ಲಿ ಒಂದು ದಿನಾನೂ ‘ಚೆನ್ನಾಗಿದೆ’ ಅಂದವರಲ್ಲ. ಅಂದ್ರೆ ನಿಜವಾಗ್ಲೂ ಕೇಳಿದವರು ಇಡೀ ಊರಲ್ಲಿ ನೀವೊಬ್ರೇ."

ಅಲ್ಪವಿರಾಮನಿಗೆ ಈ ತರ್ಕದಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಎಡದಿಂದ ಓದಿದ, ಬಲದಿಂದ ಓದಿದ. ಸರಿಯಾಗಿಯೇ ಇತ್ತು.

"ಇನ್ನು ಈ ಸೀಡಿ ಗೀಡಿ ಸಹವಾಸ ಬೇಡ. ನಿಮಗೇ ಪೂರ್ತಿ ಹೇಳ್ತೀನಿ, ಬಾಯಲ್ಲೇ, ಮೊದಲನೇ ಲಿಫ್ಟಿಂದ. ಒಂದು ಗಂಟೆ ಸಾಲೋದಿಲ್ಲ. ನಾಳೆಯಿಂದ ಐದೂವರೆಗೇ ಕೂರೋಣ. ಕಾಫಿ ನಾನೇ ಮಾಡ್ತೀನಿ, ನೀವು ಬಂದು ಕೂತ್ರೆ ಸಾಕು."

ಮುದುಕರ ಕಣ್ಣು ಹೊಳೆಯುತ್ತಿತ್ತು. ಅಲ್ಪವಿರಾಮ ಆಗಲಿ ಎಂದು ತಲೆಯಾಡಿಸಿದ.

ಹೊರಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. "ಅಪ್ಪ ಬೈದ್ರಾ?"

"ಇಲ್ಲ. ಮೆಚ್ಚಿದ್ರು" ಎಂದ ಅಲ್ಪವಿರಾಮ, ಮತ್ತು ಗಡಿಯಾರ ಎತ್ತಿಕೊಂಡು ಅಲಾರಾಮಿನ ಮುಳ್ಳನ್ನು ಐದೂಕಾಲಿಗೆ ತಿರುಗಿಸಿದ.